ಕೋವಿ ಮುಟ್ಟಬಾರದ ಕೈ

ಪೆರಾಬೆ
ಜನವರಿ 15, 2025

ಊರ್ಮಿಳಾ,

ಈ ಕಾಗದದ ಜೊತೆ ಕಪಾಟಿನ ಕೀ ಇದೆ. ನಮ್ಮ ತೋಟದ ಕೆಲಸದ ಇಬ್ರಾಹಿಂ ರಬ್ಬರ್ ಶೀಟು ಮಾರಲು ಸುಳ್ಯಕ್ಕೆ ಹೊರಟಿದ್ದಾನೆ, ಅವನ ಕೈಯಲ್ಲೇ ಕಳುಹಿಸುತ್ತಿದ್ದೇನೆ. ಮೊನ್ನೆ ನೀನು ಬಂದು ಹೋದ ಮೇಲೆ ನಿನ್ನ ಅಮ್ಮ ಅದನ್ನು ನನ್ನ ಮುಂದೆ ಇಟ್ಟು, "ಮಗಳು ಬಿಟ್ಟು ಹೋಗಿದ್ದಾಳೆ" ಎಂದಳು. ನೀನು ಮರೆತು ಬಿಟ್ಟದ್ದಲ್ಲ ಎಂಬುದು ಅಕ್ಕನ ಮುಖದಲ್ಲೇ ಗೊತ್ತಾಯಿತು.

ಆನೆ ಬಂದಿರುವುದು ನಿಜ. ನಮ್ಮ ರಬ್ಬರ್ ತೋಟದ ಕೆಳಗೆ ಹರಿಯುವ ತೋಡಿನ ಬದಿಯಲ್ಲಿ ಲದ್ದಿ ಬಿದ್ದಿದೆ. ಹಾಗೆಂದು ಅಜ್ಜನ ಕೋವಿಯ ಕಪಾಟಿನ ಕೀ ನನ್ನ ಹತ್ತಿರ ಇರಬಾರದು. ನಾನು ಜೈಲಿನಿಂದ ಬಂದ ವರ್ಷ ಲೈಸೆನ್ಸನ್ನು ನಿನ್ನ ಹೆಸರಿಗೆ ಮಾಡಿಸಲು ಹೋಗಿದ್ದೆವಲ್ಲ, ಆಗ ಆ ಗುಮಾಸ್ತ ನನ್ನ ಮುಖ ನೋಡದೆ ನಿನಗೆ ಹೇಳಿದ ಮಾತು ನನಗೆ ಬಾಯಿಪಾಠ. "ಹೊಡೆದಾಟದ ಕೇಸಲ್ಲಿ ಶಿಕ್ಷೆ ಆದವರು. ಶಿಕ್ಷೆ ಮುಗಿದು ಐದು ವರ್ಷ ಆಗುವ ತನಕ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ, ಹಿಡಿದುಕೊಂಡು ಹೋಗುವ ಹಾಗೂ ಇಲ್ಲ. ಇವರ ಕೈಗೆ ಸಿಕ್ಕಿದ್ರೆ ನಿಮ್ಮ ಲೈಸೆನ್ಸೂ ಹೋಗ್ತದೆ, ನಿಮ್ಮ ಮೇಲೂ ಕೇಸಾಗ್ತದೆ." ನಾನು ಅಲ್ಲೇ ಬೆಂಚಿನಲ್ಲಿದ್ದೆ. 'ಇವರು' ಎಂದರೆ ನಾನು. ಆ ಐದು ವರ್ಷ ಇನ್ನೂ ಮುಗಿದಿಲ್ಲ.

ಮತ್ತೆ ಬೇಲಿಯಾಚೆ ಉದಯನ ಮನೆ. ಗಡಿಕಲ್ಲಿನ ಜಗಳದಲ್ಲಿ ನಾನು ಬೀಸಿದ ಹಾರೆ ಅವನ ಬಲಗೈಗೆ ಬಿದ್ದದ್ದು. ಆ ಕೈ ಇವತ್ತಿಗೂ ತಾನಾಗಿ ಮೇಲೆ ಏಳುವುದಿಲ್ಲ. ಅವನು ಎಡಗೈಯಲ್ಲಿ ಬಾವಿಯಿಂದ ನೀರು ಸೇದುವುದು ನನ್ನ ಅಂಗಳಕ್ಕೆ ಕಾಣುತ್ತದೆ. ಅವನಿಗೂ ನನ್ನ ಅಂಗಳ ಕಾಣುತ್ತದೆ. ಅಲ್ಲಿ ನಾನು ಕೋವಿ ಹಿಡಿದು ನಿಲ್ಲುವುದು, ಕಾನೂನು ಬೇಡ ಎನ್ನದಿದ್ದರೂ, ಸರಿಯಲ್ಲ.

ಇದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮುಖ್ಯವಾದದ್ದನ್ನು ಬರೆಯುವುದು ಜೈಲಿನಲ್ಲಿ ಹತ್ತಿದ ಅಭ್ಯಾಸ. ಅಲ್ಲದೆ ಫೋನಿನಲ್ಲಿ ನೀನು ಜೋರು ಮಾಡಿದರೆ ನಾನು ಹೂಂ ಎಂದುಬಿಡುತ್ತೇನೆ.

ನಿನ್ನ ಮಾವ
ತ್ಯಾಂಪಣ್ಣ ರೈ


ಸುಳ್ಯ
ಜನವರಿ 28, 2025

ಮಾವ,

ಕೀ ತಲುಪಿತು. ಇಬ್ರಾಹಿಮಣ್ಣ ಶಾಲೆಯ ಗೇಟಿನವರೆಗೆ ಬಂದು ಕೊಟ್ಟರು. ಅದು ಯಾವ ಕೀ ಎಂದು ಅವರಿಗೆ ಗೊತ್ತಿತ್ತು. "ನಮ್ಮೊಟ್ಟಿಗೆ ಕೆಲಸ ಮಾಡುವ ಜಸೀನಾ ಬೆಳಿಗ್ಗೆ ರಬ್ಬರ್ ಹಾಲು ಒಟ್ಟು ಮಾಡ್ಲಿಕ್ಕೆ ಒಬ್ಬಳೇ ಹೋಗುದು ಟೀಚರೇ. ಈ ಕೀ ಅಲ್ಲೇ ಇದ್ದಿದ್ರೆ ನಮಗೂ ಸ್ವಲ್ಪ ಧೈರ್ಯ ಇತ್ತು" ಎಂದರು.

ನಾನು ಸುಳ್ಯದಲ್ಲಿ, ಕೋವಿ ಪೆರಾಬೆಯಲ್ಲಿ, ಕೀ ನನ್ನ ಪರ್ಸಿನಲ್ಲಿ. ಆನೆ ಬಂದರೆ ನಾನು ಬಸ್ಸು ಹಿಡಿದು ಬರಬೇಕೇ? ಮನೆಯಲ್ಲಿ ಕೋವಿ ಬಿಡಲು ಗೊತ್ತಿರುವುದು ನಿಮಗೆ. ನನಗೆ ಕಲಿಸಿದವರೂ ನೀವೇ. ನಾನು ಇವತ್ತಿಗೂ ಕಣ್ಣು ಮುಚ್ಚಿಯೇ ಕೋವಿಯ ಕುದುರೆ ಎಳೆಯುವವಳು. ಅಪ್ಪ ಬಿಟ್ಟುಹೋದ ಮೇಲೆ ನನ್ನನ್ನು ಓದಿಸಿ ಟೀಚರು ಮಾಡಿದವರು ನೀವು. ಆಫೀಸಿನ ಗುಮಾಸ್ತ ನಿಮ್ಮನ್ನು 'ಇವರು' ಎಂದದ್ದು ನಿಮಗಿಂತ ಹೆಚ್ಚು ನನಗೆ ಚುಚ್ಚಿದೆ. ನೀವು ಮಾಡಿದ್ದಕ್ಕೆ ಶಿಕ್ಷೆ ಅನುಭವಿಸಿ ಬಂದಿರಿ. ಇನ್ನೂ ಎಷ್ಟು?

ಭಾನುವಾರ ಬರುತ್ತೇನೆ. ಆಗ ಮಾತಾಡುವ.

ನಿಮ್ಮ ಸೊಸೆ
ಊರ್ಮಿಳಾ


ಪೆರಾಬೆ
ಫೆಬ್ರವರಿ 12, 2025

ಊರ್ಮಿಳಾ,

ಆ ಭಾನುವಾರ ನೀನು ಮಾತಾಡಲೇ ಇಲ್ಲ. ಹೊರಡುವಾಗ ಕೀಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಬಸ್ಸಿಗೆ ಓಡಿದಿ. ನಾನು ಕರೆದು ವಾಪಸು ಕೊಡಬಹುದಿತ್ತು. ಕೊಡಲಿಲ್ಲ. ಆಮೇಲೆ ಆದದ್ದೆಲ್ಲ ಅದರಿಂದಲೇ.

ಸೋಮವಾರ ಬೆಳಕು ಹರಿಯುವಾಗ ನಾನು ಹಲ್ಲುಜ್ಜುತ್ತಿದ್ದೆ. ಇಬ್ರಾಹಿಂ ಓಡಿ ಬಂದ. "ರೈಗಳೇ, ಆನೆ! ಜಸೀನಾ ಹೊಗೆಗೂಡಿನ ಒಳಗೆ ಸಿಕ್ಕಿಬಿದ್ದಿದ್ದಾಳೆ." ಶೀಟು ಒಣಗಿಸುವ ಆ ಗೂಡಿನ ಗೋಡೆ ಒಂದೇ ಇಟ್ಟಿಗೆ ದಪ್ಪದ್ದು ಎಂದು ನಿನಗೆ ಗೊತ್ತು.

"ಫಾರೆಸ್ಟಿನವರಿಗೆ ಹೇಳಿದ್ಯಾ?"

"ಹೇಳಿದೆ. ಅವರು ಬರ್ಲಿಕ್ಕೆ ಗಂಟೆಯಾದ್ರೂ ಬೇಕಂತೆ."

ನಿನ್ನ ಅಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ನಾನು ಕಪಾಟು ತೆಗೆದೆ.

ಒಂಟಿ ಗಂಡಾನೆ. ಹಣೆಯನ್ನು ಗೋಡೆಗೆ ಕೊಟ್ಟು ನೂಕುತ್ತಿತ್ತು. ಒಳಗೆ ಜಸೀನಾ ಕೂಗುತ್ತಿದ್ದವಳು ಕೂಗು ನಿಲ್ಲಿಸಿದ್ದಳು, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ನಾನು ಆಕಾಶಕ್ಕೆ ಒಂದು ಬಿಟ್ಟೆ. ಅದು ಗೋಡೆ ಬಿಟ್ಟು ನನ್ನ ಕಡೆ ತಿರುಗಿತು. ಇನ್ನೊಂದು ತೋಟೆ ತುಂಬಿ ಪುನಃ ಬಿಟ್ಟೆ. ಎರಡನೆಯದಕ್ಕೆ ಅದು ತೋಡು ದಾಟಿ ಗುಡ್ಡಕ್ಕೆ ಹತ್ತಿತು. ಜಸೀನಾ ಹೊರಗೆ ಬಂದು ನೆಲದಲ್ಲಿ ಕೂತು ನನ್ನ ಕಾಲು ಹಿಡಿಯಲು ಬಂದಳು, ನಾನು ಬಿಡಲಿಲ್ಲ.

ಇಷ್ಟನ್ನೇ ಬರೆದು ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣುತ್ತೇನೆ. ಆದರೆ ನಿನಗೆ ಹೇಳಬೇಕು. ಕೋವಿಯ ಹಿಂಬದಿ ಹೆಗಲಿಗೆ ಒದ್ದಾಗ ಹೆದರಿಕೆಗಿಂತ ಮೊದಲು ಬಂದದ್ದು ಖುಷಿ. ಆಹಾ ಎನ್ನಿಸಿತು. ಮತ್ತೆ ನಾಲ್ಕು ಜನರ ಮುಂದೆ ನಾನು ಗಂಡಸಾದ ಹಾಗೆ. ಆ ಖುಷಿಯಲ್ಲೇ ಮನೆಯ ಕಡೆ ತಿರುಗಿದೆ, ಕೋವಿ ಕೈಯಲ್ಲೇ ಇತ್ತು. ಬೇಲಿಯಾಚೆ ಉದಯ ನಿಂತಿದ್ದ, ಶಬ್ದ ಕೇಳಿ ಬಂದಿರಬೇಕು. ಕೋವಿಯ ಬಾಯಿ ಅವನ ಕಡೆಗಿದೆ ಎಂದು ನನಗೆ ಹೊಳೆಯುವ ಮೊದಲೇ ಅವನು ನೆಲಕ್ಕೆ ಕುಸಿದು, ಎಡಗೈಯನ್ನು ತಲೆಗೆ ಅಡ್ಡ ಹಿಡಿದಿದ್ದ. ಅವನ ಹೆಂಡತಿ ಬಂದು ಎಬ್ಬಿಸಿದಳು. ಇಬ್ಬರೂ ನನ್ನ ಕಡೆ ನೋಡದೆ ಒಳಗೆ ಹೋದರು.

ಇಬ್ರಾಹಿಂ ಮೊಬೈಲಿನಲ್ಲಿ ಎಲ್ಲ ವಿಡಿಯೊ ಮಾಡಿದ್ದಾನೆ. ನನ್ನ ಹೆಸರು ಹಾಕಿ, ಕೈಮುಗಿಯುವ ಚಿತ್ರ ಹಾಕಿ, ಗ್ರೂಪಿಗೆ ಬಿಟ್ಟಿದ್ದಾನೆ. ಪಾಪ, ಉಪಕಾರ ಎಂದೇ ಮಾಡಿದ್ದು. ಈಗ ಅದು ಸವಣೂರು, ಪುತ್ತೂರು ಎಲ್ಲ ತಿರುಗುತ್ತಿದೆಯಂತೆ.

ಕೋವಿಯನ್ನು ಒರೆಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ.

ಮಾವ


ಸುಳ್ಯ
ಫೆಬ್ರವರಿ 18, 2025

ಮಾವ,

ಇದನ್ನು ಸಂಜೆಯ ಬಸ್ಸಿನಲ್ಲಿ ಕಳುಹಿಸುತ್ತಿದ್ದೇನೆ, ಕಂಡಕ್ಟರು ನಿಮ್ಮ ಸ್ಟಾಪಿನ ಅಂಗಡಿಯಲ್ಲಿ ಕೊಡುತ್ತಾರೆ.

ಇವತ್ತು ಸ್ಟೇಷನ್ನಿನಿಂದ ಇಬ್ಬರು ಶಾಲೆಗೆ ಬಂದಿದ್ದರು. ಉದಯಣ್ಣ ದೂರು ಕೊಟ್ಟಿದ್ದಾರಂತೆ. ಹೆಡ್‌ಮಾಸ್ಟರ ಕೋಣೆಯಲ್ಲಿ ಕೂರಿಸಿ ಕೇಳಿದರು. ಬಾಗಿಲು ತೆರೆದೇ ಇತ್ತು. ಆಟಕ್ಕೆ ಹೊರಟ ಒಂಬತ್ತನೆಯ ತರಗತಿಯವರು ನಡಿಗೆ ನಿಧಾನ ಮಾಡಿ ನೋಡಿಕೊಂಡು ಹೋದರು.

"ಕೋವಿ ನಿಮ್ಮ ಹೆಸರಲ್ಲಿ ಉಂಟಲ್ಲ. ಕೀ ಯಾರ ಹತ್ರ ಇರುದು?"

"ನನ್ನ ಹತ್ರ."

"ಹಾಗಾದ್ರೆ ಅವರು ತೆಗೆದದ್ದು ಹೇಗೆ ಮೇಡಂ? ನೀವು ಕೊಟ್ಟದ್ದಾದ್ರೆ ಈಗಲೇ ಹೇಳಿ. ಸರ್ಕಾರಿ ಕೆಲಸದಲ್ಲಿದ್ದೀರಿ."

ಹೆಡ್‌ಮಾಸ್ಟರು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು. ನಾನು "ನನಗೆ ಗೊತ್ತಿಲ್ಲ, ಬೀಗ ಒಡೆದಿರಬೇಕು" ಎಂದೆ. ಬಾಯಿಗೆ ಬಂದದ್ದು ಅದು. ಅವರು ಬರೆದುಕೊಂಡರು, ನಾನು ಸಹಿ ಹಾಕಿದೆ.

ಗುರುವಾರ ಮನೆಗೆ ಮಹಜರಿಗೆ ಬರುತ್ತಾರಂತೆ.

ನಿಮಗೆ ಇದನ್ನು ಯಾಕೆ ಬರೆಯುತ್ತಿದ್ದೇನೆ ಎಂದು ನನಗೇ ತಿಳಿಯುತ್ತಿಲ್ಲ. ಸುಮ್ಮನೆ, ತಿಳಿದಿರಲಿ ಎಂದು. ಅಮ್ಮನಿಗೆ ಮಾತ್ರೆ ಮುಗಿದಿರಬೇಕು, ಕೇಳಿ.

ಊರ್ಮಿಳಾ


ಮಂಗಳೂರು ಜೈಲು
ಫೆಬ್ರವರಿ 27, 2025

ಊರ್ಮಿಳಾ,

ನಾನು ಆರೋಗ್ಯವಾಗಿದ್ದೇನೆ. ಇಲ್ಲಿ ಕಾಗದ ತೆರೆದು ಓದುತ್ತಾರೆ, ಹಾಗಾಗಿ ಬಿಡುಗಡೆಯಾಗಿ ಹೋಗುವ ಒಬ್ಬನ ಕೈಯಲ್ಲಿ ಇದನ್ನು ಕಳುಹಿಸುತ್ತಿದ್ದೇನೆ. ಇಲ್ಲಿ ನನ್ನ ಗುರುತಿನ ವಾರ್ಡರು ಒಬ್ಬರು ಇನ್ನೂ ಇದ್ದಾರೆ. "ಏನು ರೈಗಳೇ, ಪುನಃ ಬಂದ್ರಾ?" ಎಂದು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ.

ಮಹಜರು ಸರಿಯಾಗಿ ಆಯಿತು, ಕೋವಿಯನ್ನೂ ನನ್ನನ್ನೂ ಅವತ್ತೇ ಕೊಂಡುಹೋದರು. ಅವರು ಬರುವಾಗ ಕಪಾಟಿನ ಬೀಗ ಒಡೆದಿತ್ತು. ಸಬ್ ಇನ್ಸ್‌ಪೆಕ್ಟರು ಬಗ್ಗಿ, ಬೆರಳಿನಲ್ಲಿ ಮುಟ್ಟಿ ನೋಡಿ, "ಗಾಯ ಹೊಸತು ಕಾಣ್ತದಲ್ಲ" ಎಂದರು. "ಆನೆ ಬಂದ ಸೋಮವಾರದ್ದೇ, ನಾನೇ ಕೊಡಲಿಯಲ್ಲಿ ಹೊಡೆದದ್ದು" ಎಂದೆ. ನಿನ್ನ ಅಮ್ಮ ಎದ್ದು ಅಡುಗೆಮನೆಗೆ ಹೋದಳು. ಅವಳಿಗೆ ಆ ಶಬ್ದ ಕೇಳಿದ್ದು ನಿನ್ನ ಕಾಗದ ಬಂದ ರಾತ್ರಿ ಎಂದು ಗೊತ್ತಲ್ಲ. ಇಬ್ರಾಹಿಂ ಕೈಯಲ್ಲಿ ಬುಧವಾರ ಕೀ ಕಳುಹಿಸಿದ್ದೆ. ಅದು ನಿನ್ನ ಪರ್ಸಿನಲ್ಲೇ ಇದ್ದದ್ದು, ಮೊದಲಿನಿಂದಲೂ. ಹಾಗೆ ತಿಳಿದುಕೋ.

ಸ್ಟೇಷನ್ನಿನಲ್ಲಿ ಉದಯನೂ ಇದ್ದ. ಅವನು ನನ್ನ ಹತ್ತಿರ ಮಾತಾಡದೆ ವರ್ಷಗಳಾದವು, ಕೋರ್ಟಿನಲ್ಲೂ ನನ್ನ ಕಡೆ ತಿರುಗಿದವನಲ್ಲ. ಅವತ್ತು ತಿರುಗಿದ. "ರೈಗಳೇ, ಜಸೀನಾ ಉಳಿದದ್ದು ನನಗೂ ಸಂತೋಷವೇ. ಆದ್ರೆ ನಿಮ್ಮ ಕೈಯಲ್ಲಿ ಕೋವಿ ಕಂಡ ಮೇಲೆ ನನಗೆ ಅನ್ನ ಇಳಿಲಿಲ್ಲ ಮಾರಾಯ್ರೆ. ಮಕ್ಕಳ ಹತ್ರ ಅಂಗಳಕ್ಕೆ ಇಳಿಬೇಡಿ ಅಂದೆ. ನಾನು ಎಂತ ಮಾಡ್ಬೇಕಿತ್ತು? ನೀವೇ ಹೇಳಿ."

"ದೂರು ಕೊಟ್ಟದ್ದು ಸರಿ" ಎಂದೆ. ಅವನು ಅದನ್ನು ನಂಬಲಿಲ್ಲ ಎಂದು ಕಾಣುತ್ತದೆ.

ಈ ಕಾನೂನನ್ನು ಯಾರು ಮಾಡಿದರೋ, ಆನೆಯನ್ನು ಕಂಡು ಮಾಡಿದ್ದಲ್ಲ ಎಂದು ನೀನು ಹೇಳುತ್ತಿದ್ದಿ. ಇರಬಹುದು. ಆದರೆ ಉದಯನಂಥವರನ್ನು ಕಂಡು ಮಾಡಿದ್ದು ಎಂದು ನನಗೆ ಈಗ ಅನ್ನಿಸುತ್ತದೆ.

ನೀನು ನೋಡಲು ಬರಬೇಡ. ಇಲ್ಲಿಯ ರಿಜಿಸ್ಟರಿನಲ್ಲಿ ನಿನ್ನ ಹೆಸರು ಬರುವುದು ಬೇಡ.

ಮಾವ


ಸುಳ್ಯ
ಮಾರ್ಚ್ 9, 2025

ಮಾವ,

ಟವೆಲು, ಸೋಪು, ನಿಮ್ಮ ಕನ್ನಡಕ ವಕೀಲರ ಕೈಯಲ್ಲಿ ಕಳುಹಿಸಿದ್ದೇನೆ. ಪ್ರಸನ್ನ ಎಂದು ಅವರ ಹೆಸರು, ಪುತ್ತೂರಿನವರು. ಜಾಮೀನು ಸಿಗುತ್ತದೆ ಎನ್ನುತ್ತಾರೆ.

ಇಲ್ಲಿ ಎಲ್ಲರೂ ನನ್ನನ್ನು ಕಂಡು ಪಾಪ ಎನ್ನುತ್ತಾರೆ. ಸ್ಟಾಫ್ ರೂಮಿನಲ್ಲಿ ಒಬ್ಬರು ಚಾ ಲೋಟ ನನ್ನ ಮುಂದಿಟ್ಟು, "ನಿಮ್ಮ ಮಾವ ನಿಮಗೆ ಹೀಗೆ ಮಾಡ್ಬಾರ್ದಿತ್ತು. ಅಂಥವರ ಬುದ್ಧಿ ಎಲ್ಲಿಗೆ ಹೋಗ್ತದೆ?" ಎಂದರು. ನಾನು ಚಾ ಕುಡಿದೆ.

ಬೀಗದ ವಿಷಯ ಓದಿದೆ. ಅದರ ಬಗ್ಗೆ ಬರೆಯಲು ಕೂತು ಎದ್ದು ಮಾಡುತ್ತಿದ್ದೇನೆ.

ಊರ್ಮಿಳಾ


ಸುಳ್ಯ
ಏಪ್ರಿಲ್ 11, 2025

ಮಾವ,

ನೀವು ಮನೆಗೆ ಬಂದು ಮೂರು ವಾರವಾದರೂ ನಾನು ಬರಲಿಲ್ಲ. ಅಮ್ಮ ಫೋನಿನಲ್ಲಿ ಬೈದಳು. ನಿಮ್ಮ ಮುಂದೆ ಕೂತು ಊಟ ಮಾಡಲು ಧೈರ್ಯ ಬರಲಿಲ್ಲ, ಅದು ಕಾರಣ.

ಮೊನ್ನೆ ಪುತ್ತೂರಿನಲ್ಲಿ ಲೈಸೆನ್ಸಿನ ವಿಚಾರಣೆ ಇತ್ತು. ಬೇರೆಯವರು ಹೇಳುವ ಮೊದಲು ನಾನೇ ಹೇಳುತ್ತೇನೆ.

ಅಧಿಕಾರಿ ಒಳ್ಳೆಯವರು. ಫೈಲು ಓದಿ, ಕನ್ನಡಕ ತೆಗೆದು, "ನಿಮ್ಮದು ತಪ್ಪೇನೂ ಕಾಣುದಿಲ್ಲ ಟೀಚರೇ. ಕೀ ನಿಮ್ಮಲ್ಲಿ, ಬೀಗ ಅವರು ಒಡೆದದ್ದು. ಒಂದು ಎಚ್ಚರಿಕೆ ಬರೆದು ಬಿಡುವ. ಕೋವಿಯನ್ನು ಸುಳ್ಯದ ಮನೆಯಲ್ಲೇ ಇಟ್ಟುಕೊಳ್ಳಿ" ಎಂದರು. ಪ್ರಸನ್ನರು ನನ್ನ ಕಡೆ ನೋಡಿ ನಕ್ಕರು. ಮುಗಿದುಹೋಗಿತ್ತು, ಮಾವ. ನಾನು ಕೈಮುಗಿದು ಹೊರಗೆ ಬರುವುದಷ್ಟೇ ಬಾಕಿ.

ದೂರುದಾರ ಎಂದು ಉದಯಣ್ಣನನ್ನೂ ಕರೆಸಿದ್ದರು. ಅವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುತ್ತಿದ್ದರು. ಕಾಗದ ಜಾರದ ಹಾಗೆ ಒತ್ತಿಹಿಡಿಯಲು ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟರು, ಒಂದು ವಸ್ತುವನ್ನು ಇಡುವ ಹಾಗೆ. ನಂತರ ಎಡಗೈಯಲ್ಲಿ ಬರೆದರು, ಒಂದನೆಯ ತರಗತಿಯ ಮಕ್ಕಳ ಅಕ್ಷರ. ಇಷ್ಟು ವರ್ಷ ನಿಮಗೆ ಆದ ಅನ್ಯಾಯವನ್ನೇ ಲೆಕ್ಕ ಹಾಕುತ್ತಿದ್ದ ನಾನು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಇವತ್ತು ಇವರು ಮನೆಗೆ ಹೋಗಿ ಹೆಂಡತಿಗೆ ಏನು ಹೇಳುತ್ತಾರೆ? ರೈಗಳು ಬೀಗ ಒಡೆದು ಕೋವಿ ತೆಗೆಯುವವರು ಎಂದಲ್ಲವೇ? ಇನ್ನು ಎಂದಾದರೂ ಇವರಿಗೆ ನಿದ್ದೆ ಬಂದೀತೇ?

"ಸರ್, ಬೀಗ ಒಡೆದದ್ದಲ್ಲ. ಕೀ ನಾನೇ ಕೊಟ್ಟದ್ದು" ಎಂದೆ.

ಪ್ರಸನ್ನರು ನನ್ನ ಸೆರಗು ಹಿಡಿದು ಎಳೆಯುವುದೊಂದು ಬಾಕಿ. ಅಧಿಕಾರಿ "ಏನಂದ್ರಿ?" ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಮಾವ ಕೀ ವಾಪಸು ಕಳುಹಿಸಿದ್ದರು, ನಾನೇ ಒತ್ತಾಯದಿಂದ ಅವರ ಕೈಯಲ್ಲಿಟ್ಟೆ. ನಾನು ಸುಳ್ಳು ಹೇಳಿದ ಮೇಲೆ ಅದು ನಿಜವಾಗಲಿ ಎಂದು ಅವರು ಬೀಗ ಒಡೆದರು. ಅಧಿಕಾರಿಯ ಮುಖದ ಒಳ್ಳೆಯತನ ಹೋಯಿತು. "ನಿಮಗೆ ಗೊತ್ತುಂಟಾ ಇದರ ಅರ್ಥ? ಕೊಡಬಾರದವರಿಗೆ ಕೊಟ್ಟದ್ದಕ್ಕೆ ನೀವೂ ಆರೋಪಿ. ಪೊಲೀಸರಿಗೆ ಸುಳ್ಳು ಹೇಳಿದ್ದು ಬೇರೆ." ಗೊತ್ತುಂಟು ಎಂದೆ. ಕೋವಿ ನಮಗೆ ವಾಪಸು ಬೇಡ, ಸರ್ಕಾರಕ್ಕೇ ಇರಲಿ ಎಂದು ಅಲ್ಲೇ ಬರೆದುಕೊಟ್ಟೆ. ನಿಮ್ಮನ್ನಾಗಲೀ ಅಮ್ಮನನ್ನಾಗಲೀ ಕೇಳಲಿಲ್ಲ.

ಹೊರಗೆ ಮೆಟ್ಟಿಲಲ್ಲಿ ಉದಯಣ್ಣ ಸಿಕ್ಕಿದರು. ಸ್ವಲ್ಪ ಸಮಾಧಾನದ ಮಾತು ಬರಬಹುದು ಎಂದು ನನ್ನ ಮನಸ್ಸು ಕಾಯುತ್ತಿತ್ತು, ನಾಚಿಕೆಯಾಗಬೇಕು. ಅವರು, "ಅವರನ್ನು ಜೈಲಿಗೆ ಕಳಿಸಿ ಆದ ಮೇಲೆ ಹೇಳುದಾ ಟೀಚರೇ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು.

ನಿಮ್ಮ ಮಡಿಲಲ್ಲಿ ಬೆಳೆದ
ಊರ್ಮಿಳಾ


ಪೆರಾಬೆ
ಏಪ್ರಿಲ್ 15, 2025

ಊರ್ಮಿಳಾ,

ನನ್ನ ಮೇಲೆ ಹೇಗೂ ಮಸಿ ಇತ್ತು, ಇನ್ನೊಂದು ಚಮಚ ಬಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನಿನ್ನ ಕೆಲಸ, ನಿನ್ನ ಹೆಸರು ಉಳಿಯಲಿ ಎಂದು ನಾನು ಮಾಡಿದ್ದನ್ನೆಲ್ಲ ನೀರಿಗೆ ಹಾಕಿದಿ. ಯಾರು ಕೇಳಿದ್ದರು ನಿನ್ನನ್ನು?

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಹೆಚ್ಚು ಬರೆಯುವುದಿಲ್ಲ.

ತ್ಯಾಂಪಣ್ಣ


ಸುಳ್ಯ
ಮೇ 20, 2025

ಮಾವ,

ಅಮಾನತಿನ ಆದೇಶ ಬಂದಿದೆ. ಲೈಸೆನ್ಸು ರದ್ದಾದ ಕಾಗದವೂ ಬಂದಿದೆ. ಅಮ್ಮನಿಗೆ ನಿಧಾನವಾಗಿ ಹೇಳಿ.

ನೀವು ಬರೆಯದೆ ಒಂದು ತಿಂಗಳು ದಾಟಿತು. ಬೈದಾದರೂ ಬರೆಯಿರಿ.

ಊರ್ಮಿಳಾ


ಪೆರಾಬೆ
ಜುಲೈ 6, 2025

ಪ್ರೀತಿಯ ಊರ್ಮಿಳಾ,

ಅಮಾನತು ತೆಗೆದು ನಿನ್ನನ್ನು ಕೆಲಸಕ್ಕೆ ಸೇರಿಸಿಕೊಂಡ ಸುದ್ದಿ ಅಕ್ಕ ಹೇಳಿದಳು. ಸಂಬಳದ ಬಡ್ತಿ ತಡೆಹಿಡಿದಿದ್ದಾರಂತೆ, ಹೋಗಲಿ. ಆರೋಪಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ನಿನ್ನ ಹೆಸರೂ ಇದೆ. ಒಂದು ಜೀವ ಉಳಿಸಲು ಹಿಡಿದದ್ದು ಎಂಬುದನ್ನು ಕೋರ್ಟು ಗಮನಿಸುತ್ತದೆ ಎಂದು ಪ್ರಸನ್ನರು ಹೇಳುತ್ತಾರೆ. ಜಸೀನಾ ಸಾಕ್ಷಿ ಹೇಳುತ್ತಾಳಂತೆ. ಗಮನಿಸಿದರೆ ಗಮನಿಸಲಿ. ನಾನು ಮುಟ್ಟಲಿಲ್ಲ ಎಂದು ಮಾತ್ರ ಹೇಳುವುದಿಲ್ಲ, ಬೀಗದ ವಿಷಯವನ್ನೂ ಮುಚ್ಚುವುದಿಲ್ಲ. ನೀನು ನಿಂತು ಹೇಳಿದ್ದನ್ನು ನಾನು ಸುಳ್ಳು ಮಾಡಲಾರೆ.

ಏಪ್ರಿಲಿನಲ್ಲಿ ನಾನು ಬರೆದದ್ದು ನಿನ್ನ ಮೇಲಿನ ಸಿಟ್ಟಲ್ಲ. ನಿನಗಾಗಿ ಬೀಗ ಒಡೆದೆ ಎಂಬ ಒಂದು ಹೆಮ್ಮೆ ನನಗೆ ಉಳಿದಿತ್ತು, ನೀನು ಅದನ್ನೂ ತೆಗೆದುಬಿಟ್ಟೆಯಲ್ಲ ಎಂಬ ಸಿಟ್ಟು. ಅರವತ್ತು ಹತ್ತಿರವಾದ ಮೇಲೆ ಇಂಥ ಹೆಮ್ಮೆ.

ನಿನ್ನೆ ಸಂಜೆ ಆನೆ ಪುನಃ ಬಂತು. ಈ ಸಲ ಉದಯನ ಕೊಟ್ಟಿಗೆಯ ಹಿಂದೆ. ಅವನ ಹೆಂಡತಿಯ ಕೂಗು ಕೇಳಿ ನಾನು ಎದ್ದು, ಅಭ್ಯಾಸದಲ್ಲಿ ಒಳಕೋಣೆಯ ತನಕ ಹೋದೆ. ಕಪಾಟು ಖಾಲಿ. ಆಮೇಲೆ ಬರಿಗೈಯಲ್ಲೇ ಓಡಿದೆ. ಬೇಲಿಯ ಹತ್ತಿರ ಕಾಲು ನಿಂತಿತು. ಆ ಜಗಳದ ನಂತರ ನಾನು ಅದನ್ನು ದಾಟಿಲ್ಲ.

ಉದಯ ಅಂಗಳದಲ್ಲಿದ್ದ. ಹಳೆಯ ಎಣ್ಣೆ ಡಬ್ಬವನ್ನು ಬಲಗಂಕುಳಿನಲ್ಲಿ ಒತ್ತಿಹಿಡಿದು ಎಡಗೈಯಲ್ಲಿ ಕೋಲಿನಿಂದ ಬಡಿಯುತ್ತಿದ್ದ. ಒಂದೆರಡು ಪೆಟ್ಟಿಗೆ ಡಬ್ಬ ಜಾರುತ್ತಿತ್ತು, ಪುನಃ ಎತ್ತಿ ಸಿಕ್ಕಿಸಿಕೊಳ್ಳಬೇಕಿತ್ತು. ಆ ಕೈಗೆ ಹಿಡಿತ ಇಲ್ಲವಲ್ಲ. ಶಬ್ದ ನಿಂತಾಗಲೆಲ್ಲ ಆನೆ ಒಂದು ಹೆಜ್ಜೆ ಮುಂದೆ ಬರುತ್ತಿತ್ತು.

ನಾನು ಬೇಲಿಯ ಈಚೆಯಿಂದ ಕೂಗುತ್ತಿದ್ದೆ, ಹೋ ಹೋ ಎಂದು. ಡಬ್ಬ ಇನ್ನೊಮ್ಮೆ ಬಿತ್ತು. ಅವನು ಅದನ್ನು ಎತ್ತಲಿಲ್ಲ. ನನ್ನ ಕಡೆ ತಿರುಗಿದ. ನನ್ನ ಮುಖ ನೋಡಿದ, ಎರಡು ಕೈಗಳನ್ನೂ ನೋಡಿದ.

"ನೋಡುದೆಂತ ಅಲ್ಲಿ ನಿಂತು? ಬಂದು ಹಿಡೀರಿ ಇದನ್ನು" ಎಂದ.

ನಾನು ಬೇಲಿ ದಾಟಿದೆ. ಡಬ್ಬವನ್ನು ಎತ್ತಿ ಎರಡೂ ಕೈಯಲ್ಲಿ ಅವನ ಎದೆಯ ಮಟ್ಟಕ್ಕೆ ಹಿಡಿದೆ. ಅವನು ಕೋಲು ಎತ್ತಿ ಬಡಿಯತೊಡಗಿದ. ಒಂದೊಂದು ಪೆಟ್ಟೂ ನನ್ನ ಅಂಗೈಯಿಂದ ಹೆಗಲಿನ ತನಕ ಬರುತ್ತಿತ್ತು. ಕೆಲವು ಡಬ್ಬಕ್ಕೆ ತಪ್ಪಿ ನನ್ನ ಬೆರಳಿಗೂ ಬಿದ್ದವು. ನಾನು ಬಿಡಲಿಲ್ಲ. ಆನೆ ಯಾವಾಗ ಹೋಯಿತೋ ನನಗೆ ಗೊತ್ತಿಲ್ಲ. ಅದು ಹೋದ ಮೇಲೂ ಅವನು ಬಡಿಯುತ್ತಿದ್ದ, ನಾನು ಹಿಡಿದುಕೊಂಡೇ ಇದ್ದೆ.

ಮಾವ
ತ್ಯಾಂಪಣ್ಣ